ಮೇಣದ ಬಿಲ್ಲೆ ಹೊತ್ತು ಫಿನ್ಲೆಂಡಿಗೆ

ಜಯನಗರ, ಮನೆಯ ಗೇಟು

ಜನವರಿ ಎಂಟು, ಗುರುವಾರ, ಬೆಳಗಿನ ಆರು ಗಂಟೆ ಹತ್ತು ನಿಮಿಷ. ಹಾಜರಿದ್ದವರು ಮೂವರು: ನಾನು, ನನ್ನ ತಂಗಿ ವಿಮಲಾ, ಟ್ಯಾಕ್ಸಿ ಚಾಲಕ. ಸಾಮಾನು ಒಂದು ಸೂಟ್‌ಕೇಸ್, ಒಂದು ಹೆಗಲ ಚೀಲ. ಚೀಲದಲ್ಲಿ ಚಟ್ನಿಪುಡಿಯ ಡಬ್ಬಿ, ಪಕ್ಕದಲ್ಲಿ ಅದೇ ಅಳತೆಯ ಇನ್ನೊಂದು ಡಬ್ಬಿ. ಎರಡನೆಯದರಲ್ಲಿ ಆರು ಗಾಜಿನ ಸ್ಲೈಡು, ಎರಡು ಮೇಣದ ಬಿಲ್ಲೆ.

ಹೀಗೆ ದಿನ, ವೇಳೆ, ಹಾಜರಿ ಬರೆದುಕೊಂಡೇ ಕೆಲಸ ಶುರುಮಾಡುವುದು ನನ್ನ ಅಭ್ಯಾಸ. ಮೂವತ್ತನಾಲ್ಕು ವರ್ಷ ಒಂದು ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿದ್ದೆ. ದೇಹದಿಂದ ತೆಗೆದ ತುಣುಕುಗಳನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ ಡಾಕ್ಟರ ಮೈಕ್ರೋಸ್ಕೋಪಿನ ಕೆಳಗಿಡುವ ಕೆಲಸ. ಕೊನೆಯ ಹನ್ನೆರಡು ವರ್ಷ ಆ ಲ್ಯಾಬಿನ ಉಸ್ತುವಾರಿಯೂ ನನ್ನದೇ. ನಿವೃತ್ತಳಾಗಿ ಎಂಟು ವರ್ಷವಾಯಿತು.

ಈ ಸಲ ಡಬ್ಬಿಯ ಮೇಣದಲ್ಲಿದ್ದದ್ದು ನನ್ನದೇ ಬಲ ಶ್ವಾಸಕೋಶದ ಗೆಡ್ಡೆ. ನವೆಂಬರಿನಲ್ಲಿ ಬನಶಂಕರಿಯ ಒಂದು ನರ್ಸಿಂಗ್ ಹೋಮಿನಲ್ಲಿ ತೆಗೆದರು. ಜಾತಿ, ನ್ಯೂರೋಎಂಡೋಕ್ರೈನ್ ಎಂಬ ಕ್ಯಾನ್ಸರ್. ಇದು ಒಂದೇ ಮನೆತನ, ಮಕ್ಕಳ ಗುಣ ಮಾತ್ರ ಬೇರೆ ಬೇರೆ. ಕೆಲವು ವರ್ಷಗಟ್ಟಲೆ ಸುಮ್ಮನಿರುತ್ತವೆ, ಕೆಲವು ತಿಂಗಳುಗಳಲ್ಲಿ ಮನುಷ್ಯನನ್ನು ಮುಗಿಸುತ್ತವೆ. ಯಾವುದು ಯಾವುದೆಂದು ತಿಳಿಯಲು ಡಾಕ್ಟರು ಸ್ಲೈಡಿನ ಮೇಲೆ, ಗೊತ್ತುಮಾಡಿದ ಅಳತೆಯ ಜಾಗದಲ್ಲಿ, ಎರಡಾಗಿ ಒಡೆಯುತ್ತಿರುವ ಜೀವಕೋಶಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಎರಡಕ್ಕಿಂತ ಕಡಿಮೆಯಿದ್ದರೆ ಸಾಧು. ಎರಡರಿಂದ ಹತ್ತರವರೆಗೆ ನಡುವಿನದು. ಹತ್ತು ದಾಟಿದರೆ ಕ್ರೂರ ಗುಂಪು, ತಡಮಾಡದೆ ಕೀಮೋ.

ನರ್ಸಿಂಗ್ ಹೋಮಿನ ಡಾಕ್ಟರು ತಮ್ಮ ಹಳೇ ಮೈಕ್ರೋಸ್ಕೋಪಿನಲ್ಲಿ ನೋಡಿ ಎಂಟು ಎಂದರು. ನನಗೆ ಸಮಾಧಾನವಾಗಲಿಲ್ಲ. ಅದೇ ಸ್ಲೈಡನ್ನು ನಾನೇ ಕಟ್ಟಿ ಬೆಳೆಸಿದ ಲ್ಯಾಬಿಗೆ ಒಯ್ದೆ. ಅಲ್ಲಿ ಹನ್ನೆರಡು ಬಂತು. ನಾನು ನಂಬಿದ್ದು ಹನ್ನೆರಡನ್ನು. ಅದು ನನ್ನ ಲ್ಯಾಬು. ಹತ್ತೊಂಬತ್ತನೇ ತಾರೀಖು ಸೋಮವಾರಕ್ಕೆ ಕೀಮೋ ಗೊತ್ತಾಯಿತು. ಅದಕ್ಕೆ ಮುಂಚೆ, ನನ್ನ ಕೈಕೆಳಗೆ ಕಲಿತ ನಂದೀಶ ಈಗ ಕೆಲಸಕ್ಕಿರುವ ಫಿನ್ಲೆಂಡಿನ ಸಂಸ್ಥೆಯಲ್ಲಿ ಮೂರನೆಯ ಎಣಿಕೆ ಮಾಡಿಸುವುದೆಂದು ತೀರ್ಮಾನಿಸಿದೆ. ಅಲ್ಲಿ ಸ್ಲೈಡು ನೋಡಿ ಇನ್ನೆಷ್ಟು ದಿನವೆಂದು ಅಂದಾಜು ಹೇಳುವ ಯಂತ್ರವೂ ಇದೆಯೆಂದು ಅವನು ಹೇಳಿದ್ದ. ಎಷ್ಟು ದಿನವೆಂದು ಗೊತ್ತಾದರೆ ಕೆಲಸಗಳನ್ನು ಸರಿಯಾಗಿ ಹಂಚಿಕೊಳ್ಳಬಹುದು.

"ಗೆಡ್ಡೆ ಕೊರಿಯರಲ್ಲಿ ಹೋಗತ್ತೆ ಅಕ್ಕ. ಅದರ ಜೊತೆ ನೀನ್ಯಾಕೆ?" ಎಂದಳು ವಿಮಲಾ, ಹತ್ತನೇ ಸಲ. ಇದುವರೆಗೆ ಒಂದು ಮೇಣದ ಬಿಲ್ಲೆಯನ್ನೂ ಕೊರಿಯರಿಗೆ ಕೊಟ್ಟವಳಲ್ಲ ನಾನು ಎಂದೆ. ಅವಳು ಚಾಲಕನ ಕಡೆ ತಿರುಗಿ, "ಅಣ್ಣ, ಇವರು ಹೇಳೋ ದಾರೀಲೇ ಹೋಗಿ, ಮ್ಯಾಪ್ ನೋಡ್ಬೇಡಿ. ಇಲ್ಲಾಂದ್ರೆ ನಿಮಗೂ ಮೆಮೊ ಬರತ್ತೆ" ಎಂದಳು. ನಗುತ್ತಿದ್ದಳು, ಕಣ್ಣು ಮಾತ್ರ ಕೆಂಪಾಗಿತ್ತು.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಬೇಕು. ಹೊರಡುವ ಮೂರು ದಿನ ಮೊದಲು ನಮ್ಮ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಕೂತಿದ್ದರು. ಹೆಸರು ಪುಟ್ಟಗೌರಮ್ಮ, ತಲಘಟ್ಟಪುರದಲ್ಲಿ ಇಡ್ಲಿ ಅಂಗಡಿ. ಕೈಯಲ್ಲಿ ನಮ್ಮ ಲ್ಯಾಬಿನ ರಿಪೋರ್ಟು. "ಅಕ್ಕ, ಇದ್ರಲ್ಲಿ ಏನ್ ಬರ್ದವ್ರೆ, ಒಸಿ ಓದ್ತೀರಾ?" ಎಂದರು. ಓದಿದೆ. ನನ್ನದೇ ಜಾತಿಯ ಗೆಡ್ಡೆ, ಎಣಿಕೆ ಹದಿಮೂರು. ಅವರಿಗೂ ಹತ್ತೊಂಬತ್ತಕ್ಕೇ ಬರಲು ಹೇಳಿದ್ದರು. ಸಂಕ್ರಾಂತಿಗೆ ಮಗಳು ಬರುತ್ತಾಳೆ, ಇನ್ನೊಂದು ಹದಿನೈದು ದಿನ ಬಿಟ್ಟು ಶುರುಮಾಡಿದರೆ ಆಗದೆ ಎಂದು ಕೇಳಿದರು. ಹದಿಮೂರು ಎಂದರೆ ಕಾಯುವ ಹಾಗಿಲ್ಲ, ಒಂದು ದಿನವೂ ತಡಮಾಡಬೇಡಿ ಎಂದು ಗದರಿಸಿಯೇ ಹೇಳಿದೆ. ಅವರ ರಿಪೋರ್ಟಿನ ನಂಬರನ್ನು ನನ್ನ ಡೈರಿಯಲ್ಲಿ ಬರೆದುಕೊಂಡೆ. ಅದಕ್ಕೆ ಕಾರಣವೇನೂ ಇರಲಿಲ್ಲ. ನಂಬರು ಕಂಡರೆ ಬರೆದುಕೊಳ್ಳುವ ಕೈ ನನ್ನದು.

ಹೆಲ್ಸಿಂಕಿ, ತಪಾಸಣೆಯ ಮೇಜು

ವಿಮಾನ ನಿಲ್ದಾಣದಲ್ಲಿ ಎತ್ತರದ ಅಧಿಕಾರಿಯೊಬ್ಬ ಎರಡೂ ಡಬ್ಬಿ ತೆಗೆಸಿದ. ಮೊದಲು ಚಟ್ನಿಪುಡಿಯನ್ನು ಮೂಸಿ ಮೂರು ಸಲ ಸೀನಿದ. ಕ್ಷಮೆ ಕೇಳಿದ್ದು ನಾನಲ್ಲ, ಅವನೇ. ಎರಡನೆಯ ಡಬ್ಬಿಯಿಂದ ಮೇಣದ ಬಿಲ್ಲೆಯನ್ನು ತೆಗೆದು ಬೆಳಕಿಗೆ ಹಿಡಿದ. ಒಳಗೆ ಉಗುರಿನಷ್ಟು ಕಂದು ತುಂಡು. ಇದೇನೆಂದು ಇಂಗ್ಲಿಷಿನಲ್ಲಿ ಕೇಳಿದ. ಪತ್ರ ತೋರಿಸಿ, ಶ್ವಾಸಕೋಶ ಎಂದೆ. ಯಾರದು ಎಂದ. ನನ್ನದು ಎಂದೆ.

ಅವನು ಬಿಲ್ಲೆಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಬಿಲ್ಲೆಯನ್ನು ನೋಡಿದ. ಪಾಸ್‌ಪೋರ್ಟಿನ ಫೋಟೋಗೂ ಮುಖಕ್ಕೂ ತಾಳೆ ನೋಡುತ್ತಾರಲ್ಲ, ಹಾಗೆ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಡಬ್ಬಿಗೆ ಇಳಿಸಿದ. ಪ್ರಸಾದವನ್ನು ಕೂಡ ನಮ್ಮಲ್ಲಿ ಈಗ ಅಷ್ಟು ನಿಧಾನವಾಗಿ ಯಾರೂ ಹಿಡಿಯುವುದಿಲ್ಲ.

ಬಂದರಿನ ಊರು, ಅತಿಥಿಗೃಹ

ನಂದೀಶ ಬೇಗೂರಿನವನು. ಅವರ ತಾಯಿ ಸೋಮವಾರ ನಾಗೇಶ್ವರನ ಗುಡಿಗೆ ಹೋಗದೆ ನೀರು ಕುಡಿಯುವವರಲ್ಲ. ನಮ್ಮ ಲ್ಯಾಬಿಗೆ ಟೆಕ್ನಿಷಿಯನ್ ಆಗಿ ಸೇರಿದವನು, ಓದಿ ಮುಂದೆ ಬಂದ. ಈಗ ನಲವತ್ತರ ಹತ್ತಿರ. ಸಮುದ್ರದ ದಡದ ಈ ಊರಿನಲ್ಲಿ, ಸ್ಲೈಡುಗಳನ್ನು ಚಿತ್ರವಾಗಿಸಿ ಯಂತ್ರಕ್ಕೆ ಓದಿಸುವ ಕೆಲಸ. ರೈಲಿನಿಂದ ಇಳಿದವಳಿಗೆ ತನ್ನದೇ ದಪ್ಪ ಕೋಟು ಹೊದಿಸಿ, "ಮೇಡಂ, ನಾಲ್ಕು ನಿಮಿಷ ಲೇಟು. ರಿಜಿಸ್ಟರಲ್ಲಿ ಕೆಂಪು ಗೆರೆ ಹಾಕ್ಬೇಡಿ" ಎಂದ.

ಊರು ಸ್ವಚ್ಛ. ಆದರೆ ಮಾತಿಲ್ಲ. ಬಸ್ ನಿಲ್ದಾಣದಲ್ಲಿ ಎಂಟು ಜನರಿದ್ದರೆ ಎಂಟು ಕಂಬಗಳ ಹಾಗೆ ದೂರ ದೂರ ನಿಲ್ಲುತ್ತಾರೆ. ಬನಶಂಕರಿ ಬಸ್ ನಿಲ್ದಾಣದಲ್ಲಿ ಹಿಂದಿನವರ ಟಿಫಿನ್ ಕ್ಯಾರಿಯರ್ ಬೆನ್ನಿಗೆ ಒತ್ತುತ್ತಿದ್ದರೆ ನನಗೆ ಕಿರಿಕಿರಿ. ಇಲ್ಲಿ ಯಾರೂ ಒತ್ತದಿದ್ದಾಗ ಬೆನ್ನು ತಣ್ಣಗೆನಿಸಿತು. ಚಪ್ಪಲಿ ಮಾತ್ರ ನಮ್ಮ ಹಾಗೆಯೇ ಬಾಗಿಲಲ್ಲಿ ಬಿಡುತ್ತಾರೆ. ಸರತಿಗೆ ಚೀಟಿ ತೆಗೆದುಕೊಳ್ಳುತ್ತಾರೆ, ಔಷಧದಂಗಡಿಯಲ್ಲೂ. ಈ ಜನರ ಶಿಸ್ತು ನನಗೆ ಒಗ್ಗುತ್ತದೆಂದುಕೊಂಡೆ.

ಒಂದು ಅಭ್ಯಾಸ ಮಾತ್ರ ಒಗ್ಗಲಿಲ್ಲ. ಹೌದು ಎನ್ನುವಾಗ ಇಲ್ಲಿನ ಕೆಲವರು ಉಸಿರನ್ನು ಒಳಗೆ ಎಳೆದುಕೊಂಡು ಹೇಳುತ್ತಾರೆ. ಯಾರೋ ಹಿಂದಿನಿಂದ ಮುಟ್ಟಿದಾಗ ಬೆಚ್ಚುತ್ತೇವಲ್ಲ, ಆ ಸದ್ದು. ಅತಿಥಿಗೃಹದ ಹೆಂಗಸಿಗೆ ಬಿಸಿನೀರು ಇದೆಯೇ ಎಂದು ಕೇಳಿದೆ. ಆಕೆ ಹಾಗೆ ಉಸಿರೆಳೆದಾಗ ಏನೋ ಅನಾಹುತವಾಯಿತೆಂದು ಹಿಂದೆ ತಿರುಗಿ ನೋಡಿದೆ. ಬಿಸಿನೀರು ಇತ್ತು.

ಇನ್ನೊಂದು, ದೀಪ. ಸಂಸ್ಥೆಯಲ್ಲೂ ಅತಿಥಿಗೃಹದಲ್ಲೂ ಸ್ವಿಚ್ಚು ಕಡಿಮೆ. ಮನುಷ್ಯ ಅಲ್ಲಾಡಿದರೆ ದೀಪ ಉರಿಯುತ್ತದೆ, ಅಲ್ಲಾಡದಿದ್ದರೆ ಆರುತ್ತದೆ. ನಾನು ಕೂತರೆ ನೆಟ್ಟಗೆ, ಅಲುಗಾಡದೆ ಕೂರುವವಳು. ಮೊದಲ ದಿನ ಕುರ್ಚಿಯಲ್ಲಿ ಡೈರಿ ಓದುತ್ತಿದ್ದೆ. ಮಧ್ಯಾಹ್ನ ಮೂರೂವರೆಗೆ ಕಿಟಕಿಯಾಚೆ ಹಗಲು ನೀಲಿಯಾಗುತ್ತಿತ್ತು. ದೀಪ ಆರಿಹೋಯಿತು. ಕೈ ಬೀಸಿದೆ, ಉರಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಆರಿತು. ಇಲ್ಲಿ ಯಾರೋ ಇದ್ದಾರೆಂದು ಗೋಡೆಗೆ ಪದೇ ಪದೇ ತಿಳಿಸಬೇಕಾಗಿತ್ತು.

ನೆಲಮಾಳಿಗೆ

ಸೋಮವಾರ ಬೆಳಿಗ್ಗೆ ಸ್ಲೈಡುಗಳನ್ನು ನಂದೀಶನ ಕೈಗೆ ಕೊಟ್ಟೆ. ಅವು ಯಂತ್ರದೊಳಗೆ ಹೋದವು. ಕಾಯುವ ಹೊತ್ತಿನಲ್ಲಿ ಅವನು ನೆಲಮಾಳಿಗೆ ತೋರಿಸಿದ.

ಉದ್ದದ ಓಣಿ, ಎರಡೂ ಕಡೆ ಎದೆಯೆತ್ತರದ ಕಬ್ಬಿಣದ ಬೀರುಗಳು, ಪ್ರತಿ ಬೀರುವಿನಲ್ಲೂ ಸಣ್ಣ ಸಣ್ಣ ಖಾನೆಗಳು. ಒಂದನ್ನು ಎಳೆದ. ಮೇಣದ ಬಿಲ್ಲೆಗಳು ಸಾಲಾಗಿ ನಿಂತಿದ್ದವು, ಗ್ರಂಥಾಲಯದ ಚೀಟಿಗಳ ಹಾಗೆ. ಇದರಲ್ಲಿ ಹೆಚ್ಚಿನವರು ಈಗಿಲ್ಲ ಎಂದ. ಹೆಣದ ಮನೆ ನನಗೆ ಹೊಸದಲ್ಲ. ಆದರೆ ಅಲ್ಲಿ ಮುಖಗಳಿರುತ್ತವೆ. ಇಲ್ಲಿ ಪ್ರತಿಯೊಬ್ಬರದೂ ಉಗುರಿನಷ್ಟು ಉಳಿದಿತ್ತು, ನಂಬರಿನೊಂದಿಗೆ, ಧೂಳಿಲ್ಲದೆ. ಎಷ್ಟು ಅಚ್ಚುಕಟ್ಟು ಎಂದು ಹೊಗಳಲು ಬಾಯಿ ತೆರೆದೆ. ನಾವು ಹಾದುಬಂದ ಕಡೆಯ ದೀಪಗಳು ಒಂದೊಂದಾಗಿ ಆರುತ್ತಿದ್ದವು. ನಮ್ಮ ತಲೆಯ ಮೇಲಿನದಷ್ಟೇ ಉರಿಯುತ್ತಿತ್ತು. ಹೊಗಳಿಕೆ ಬಾಯಲ್ಲೇ ಉಳಿಯಿತು.

ಮೇಲೆ ಬಂದಾಗ ಪರದೆಯ ಮೇಲೆ ನನ್ನ ಗೆಡ್ಡೆ ಗೋಡೆಯಗಲ ಹರಡಿತ್ತು. ಗುಲಾಬಿ, ನೇರಳೆ. ಬಣ್ಣ ಚೆನ್ನಾಗಿ ಬಂದಿತ್ತು.

"ಯಂತ್ರ ನಮ್ಮ ಥರ ಎಣಿಸಲ್ಲ ಮೇಡಂ. ಹಳೇ ಸ್ಲೈಡುಗಳ ಜೊತೆ ಹೋಲಿಸಿ ನೋಡತ್ತೆ, ಅಷ್ಟೇ" ಎಂದ ನಂದೀಶ.

ಯಂತ್ರಕ್ಕೆ ನನ್ನ ಹೆಸರು, ಊರು, ರಿಪೋರ್ಟು ಯಾವುದೂ ತಿಳಿದಿರಲಿಲ್ಲ. ಅದು ಪರದೆಯ ಮೇಲೆ ಒಂದು ಗೆರೆ ಎಳೆಯಿತು. ನನ್ನಂಥ ಗೆಡ್ಡೆಯಿದ್ದವರ ಗೆರೆ. ಎಡಗಡೆ ಎಲ್ಲರೂ ಬದುಕಿರುತ್ತಾರೆ, ಬಲಕ್ಕೆ ಹೋದಂತೆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಒಂದು ಮೆಟ್ಟಿಲು ಎಂದರೆ ಒಂದು ಸಾವು. ನನ್ನ ಗೆರೆಯ ಮೆಟ್ಟಿಲುಗಳು ಅಗಲವಾಗಿದ್ದವು, ವಯಸ್ಸಾದವರು ಕೂತು ಕೂತು ಇಳಿಯುವಷ್ಟು. ನನ್ನ ರಿಪೋರ್ಟಿನಲ್ಲಿರುವ ಕ್ರೂರ ಗುಂಪಿನ ಗೆರೆ ತೋರಿಸು ಎಂದೆ. ಅದು ಹಳೇ ಕಲ್ಯಾಣಿಯ ಮೆಟ್ಟಿಲಿನ ಹಾಗೆ ಕಡಿದಾಗಿ ಇಳಿದು ಕೆಳಗೆ ಕತ್ತಲಲ್ಲಿ ನಿಂತಿತ್ತು.

ಗೆರೆಯ ಮೇಲೆ ಅಲ್ಲಲ್ಲಿ ಸಣ್ಣ ನಿಂತ ಗೀಟುಗಳು. ಇವು ಯಾರು ಎಂದು ಕೇಳಿದೆ.

"ಬರೋದು ನಿಲ್ಲಿಸಿದವರು ಮೇಡಂ. ಕೊನೆ ಸಲ ನೋಡಿದಾಗ ಇದ್ರು. ಆಮೇಲೆ ಗೊತ್ತಿಲ್ಲ."

ಯಂತ್ರ ನನ್ನನ್ನು ನಡುವಿನ ಗುಂಪಿಗೆ ಹಾಕಿತ್ತು. ರಿಪೋರ್ಟು ಕ್ರೂರ ಗುಂಪು ಎನ್ನುತ್ತಿತ್ತು. ಇಬ್ಬರಲ್ಲಿ ಒಬ್ಬರು ತಪ್ಪು. ಯಂತ್ರವೇ ತಪ್ಪಿರಬೇಕು ಎಂದೆ. ನಾಳೆ ಇಲ್ಲಿನ ಡಾಕ್ಟರ್ ಹೆಲ್ವಿ ಎಣಿಸುತ್ತಾರೆ ಎಂದಷ್ಟೇ ಹೇಳಿ ನಂದೀಶ ಕೋಟು ಕೊಟ್ಟ.

ನಾಲ್ಕನೇ ಮಹಡಿ

ಜನವರಿ ಹದಿಮೂರು, ಮಂಗಳವಾರ, ಬೆಳಗಿನ ಒಂಬತ್ತೂವರೆ. ಹಾಜರಿದ್ದವರು: ಡಾಕ್ಟರ್ ಹೆಲ್ವಿ, ನಂದೀಶ, ನಾನು. ಸೂರ್ಯ ಆಗಷ್ಟೇ ಬಂದಿದ್ದ, ಬಂದದ್ದು ಗೊತ್ತಾಗದ ಹಾಗೆ.

ಡಾಕ್ಟರ್ ಹೆಲ್ವಿಗೆ ನನ್ನಷ್ಟೇ ವಯಸ್ಸು. ಬಿಳಿ ಕೂದಲು, ಉಣ್ಣೆಯ ಕಾಲುಚೀಲ, ಮೇಜಿನ ಮೇಲೆ ಒಂದು ಧೂಳಿಲ್ಲ. ನಲವತ್ತು ನಿಮಿಷ ತುಟಿ ಬಿಚ್ಚದೆ ಎಣಿಸಿದರು. ಕೊನೆಗೆ, ಎರಡು ಚದರ ಮಿಲಿಮೀಟರಿಗೆ ಎಂಟು ಎಂದರು.

ನಮ್ಮ ಲ್ಯಾಬಿನಲ್ಲಿ ಹನ್ನೆರಡು ಬಂದಿತ್ತು ಎಂದೆ. ನನ್ನ ಧ್ವನಿ ಸ್ವಲ್ಪ ಏರಿರಬೇಕು. ಅಲ್ಲಿ ಅಳತೆ ತಪ್ಪುವುದಿಲ್ಲ, ನಾನೇ ಹಾಕಿಕೊಟ್ಟ ನಿಯಮ ಎಂದೂ ಸೇರಿಸಿದೆ. ನಂದೀಶ ನಕ್ಕು ಆಕೆಗೆ ನನ್ನ ಬೋರ್ಡಿನ ಕತೆ ಹೇಳಿದ. ಉಸ್ತುವಾರಿ ವಹಿಸಿಕೊಂಡ ವರ್ಷ ನಾನೇ ಟೈಪ್ ಮಾಡಿ, ಕೆಂಪು ಅಂಚು ಹಾಕಿ, ಲ್ಯಾಮಿನೇಟ್ ಮಾಡಿಸಿ ಅಂಟಿಸಿದ್ದು: 'ಹತ್ತು ಫೀಲ್ಡ್ ಎಣಿಸಿ. ಒಂಬತ್ತಲ್ಲ, ಹನ್ನೊಂದಲ್ಲ.' ಫೀಲ್ಡ್ ಎಂದರೆ ಮೈಕ್ರೋಸ್ಕೋಪಿನಲ್ಲಿ ಒಂದು ಸಲಕ್ಕೆ ಕಾಣುವ ದುಂಡನೆಯ ಜಾಗ. ಕಿರಿಯ ಡಾಕ್ಟರುಗಳಿಗೂ ನಾನು ಆ ಸಾಲನ್ನು ಬಾಯಿಪಾಠ ಮಾಡಿಸುತ್ತಿದ್ದೆ. "ನಮಗೆಲ್ಲ ಗಾಯತ್ರಿ ಮಂತ್ರ ಅದು ಮೇಡಂ" ಎಂದ ನಂದೀಶ.

ಡಾಕ್ಟರ್ ಹೆಲ್ವಿ ನಗಲಿಲ್ಲ. ಅಲ್ಲಿ ಈಗ ಯಾವ ಮೈಕ್ರೋಸ್ಕೋಪಿದೆ ಎಂದು ಕೇಳಿದರು.

ಗೊತ್ತಿಲ್ಲದೆ ಏನು. ಕೊಳ್ಳುವ ಅರ್ಜಿಗೆ ಸಹಿ ಹಾಕಿದವಳೇ ನಾನು. ಕಣ್ಣಿಗೆ ಆಯಾಸವಾಗದಿರಲೆಂದು ಅಗಲ ನೋಟದ ಮಸೂರಗಳಿರುವ ಹೊಸ ಮೈಕ್ರೋಸ್ಕೋಪುಗಳು. ನಿವೃತ್ತಿಯ ವಾರ ಬಂದವು. ಅವುಗಳ ಮಾಡೆಲ್ ನಂಬರು ಹೇಳಿದೆ.

ಅವರು ಒಂದು ಚೀಟಿಯ ಮೇಲೆ ಲೆಕ್ಕ ಹಾಕಿ ನನ್ನ ಕಡೆ ತಿರುಗಿಸಿದರು. ಹಳೇ ಮೈಕ್ರೋಸ್ಕೋಪಿನಲ್ಲಿ ಹತ್ತು ಫೀಲ್ಡ್ ಸೇರಿದರೆ ಎರಡು ಚದರ ಮಿಲಿಮೀಟರ್. ಹೊಸದರಲ್ಲಿ ಅದೇ ಹತ್ತು, ಮೂರಕ್ಕೂ ಸ್ವಲ್ಪ ಹೆಚ್ಚು. ಕಿಟಕಿ ದೊಡ್ಡದಾದರೆ ಬೀದಿಯಲ್ಲಿ ಹೆಚ್ಚು ಜನ ಕಾಣುತ್ತಾರೆ. ಬೀದಿ ಅದೇ, ಜನ ಅಷ್ಟೇ. ಹನ್ನೆರಡನ್ನು ಎರಡು ಚದರ ಮಿಲಿಮೀಟರಿಗೆ ಇಳಿಸಿದರೆ ಎಂಟು.

ಆ ಬೋರ್ಡನ್ನು ಹಳೇ ಗೋಡೆಯಿಂದ ಕಿತ್ತು ಹೊಸ ಮೈಕ್ರೋಸ್ಕೋಪುಗಳ ಮುಂದೆ ಅಂಟಿಸಿದ್ದೂ ನಾನೇ. ನಿವೃತ್ತಿಯ ದಿನದ ಕೊನೆಯ ಕೆಲಸ ಅದು. ನಾನು ಹೋದ ಮೇಲೂ ಇದು ಬದಲಾಗಬಾರದು ಎಂದು ಹೇಳಿ ಮನೆಗೆ ಹೋಗಿದ್ದೆ. ಬದಲಾಗಲಿಲ್ಲ. ಕೆಲವು ವರ್ಷದ ಹಿಂದೆ ಒಂದು ಸಭೆಗೆ ಕರೆದು ಶಾಲು ಹೊದಿಸಿದಾಗ ಅಲ್ಲಿನ ಡಾಕ್ಟರೊಬ್ಬರು, ನಮ್ಮಲ್ಲಿ ಈ ಕ್ರೂರ ಗುಂಪಿನವರು ಬೇರೆಡೆಗಿಂತ ಹೆಚ್ಚು ಕಾಲ ಬದುಕುತ್ತಿದ್ದಾರೆ, ಇದು ಲ್ಯಾಬಿನ ಶಿಸ್ತಿನ ಫಲ ಎಂದಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಾಗೆ ಹೆಚ್ಚು ಕಾಲ ಬದುಕಿದ ರೋಗಿಗಳಲ್ಲಿ ಕೆಲವರು ಆ ಗುಂಪಿನವರೇ ಆಗಿರಲಿಲ್ಲ.

ಹಾಗಾದರೆ ಬೇರೆಯವರನ್ನೂ ಹೀಗೆಯೇ ಎಣಿಸಿರಬೇಕಲ್ಲ ಎಂದು ಕೇಳಿದೆ.

ಡಾಕ್ಟರ್ ಹೆಲ್ವಿ ಉಸಿರನ್ನು ಒಳಗೆ ಎಳೆದುಕೊಂಡರು. ಈ ಸಲ ನಾನು ಹಿಂದೆ ತಿರುಗಿ ನೋಡಲಿಲ್ಲ.

ಆಮೇಲೆ ಡೈರಿ ತೆಗೆದು ಪುಟ್ಟಗೌರಮ್ಮನ ಪುಟ ಹುಡುಕಿದೆ. ಹದಿಮೂರು. ಅದನ್ನೂ ಇಳಿಸಿದೆ. ಎಂಟೂವರೆ.

ಅದೇ ಮಹಡಿ, ಅದೇ ದಿನ

ಇಲ್ಲಿ ಹನ್ನೊಂದು, ಬೆಂಗಳೂರಿನಲ್ಲಿ ಮಧ್ಯಾಹ್ನ ಎರಡೂವರೆ. ಲ್ಯಾಬಿಗೆ ಫೋನು ಮಾಡಿದೆ. ಈಗಿನ ಉಸ್ತುವಾರಿ ಶೈಲಜಾ, ಅವಳೂ ನನ್ನ ಶಿಷ್ಯೆ.

"ಶೈಲಜಾ, ಮೊದಲು ಗೋಡೆ ಮೇಲಿನ ಬೋರ್ಡು ಕಿತ್ತು ಹಾಕು."

"ಮೇಡಂ, ಅದು ನಿಮ್ಮದಲ್ವಾ?"

"ಅದಕ್ಕೇ ಹೇಳ್ತಿದೀನಿ."

ಕಾರಣ ವಿವರಿಸಿದೆ. ಪುಟ್ಟಗೌರಮ್ಮನ ನಂಬರು ಕೊಟ್ಟು, ಸ್ಲೈಡು ತೆಗೆಸಿ ಡಾಕ್ಟರಿಂದ ಎರಡು ಚದರ ಮಿಲಿಮೀಟರಿಗೆ ಎಣಿಕೆ ಮಾಡಿಸು, ಸೋಮವಾರಕ್ಕೆ ಅವರ ಕೀಮೋ ಇದೆ, ಅಷ್ಟರೊಳಗೆ ಆಗಬೇಕು ಎಂದೆ. ಸೋಮವಾರಕ್ಕೆ ಇನ್ನೂ ಆರು ದಿನ. ಸಾಕಷ್ಟು ಸಮಯವಿತ್ತು. ನಂದೀಶ ತಂದ ಸೂಪು ಪೂರ್ತಿ ಕುಡಿದೆ. ಚಟ್ನಿಪುಡಿ ಹಚ್ಚಿಕೊಂಡು ಬ್ರೆಡ್ಡೂ ತಿಂದೆ.

ನಾಲ್ಕು ಗಂಟೆಗೆ ಶೈಲಜಾಳ ಫೋನು ಬಂತು. ಕಿಟಕಿಯಾಚೆ ಬೀದಿದೀಪ ಹತ್ತಿದ್ದವು. ಡಾಕ್ಟರು ಎಣಿಸಿದರಂತೆ. ಒಂಬತ್ತಕ್ಕಿಂತ ಕಡಿಮೆ.

"ಆದ್ರೆ ಮೇಡಂ, ಅವರಿಗೆ ಮೊದಲನೇ ಕೀಮೋ ಆಗೋಗಿದೆ. ಹೋದ ಗುರುವಾರ."

ಗುರುವಾರವೆಂದರೆ ಎಂಟನೇ ತಾರೀಖು, ನಾನು ಗೇಟಿಗೆ ಬೀಗ ಹಾಕಿಸಿದ ಬೆಳಿಗ್ಗೆ. ಹತ್ತೊಂಬತ್ತು ಅಲ್ಲವೇ ಎಂದು ಕೇಳಿದೆ. ಅವರೇ ಬಂದು ಡಾಕ್ಟರ ಕೈಕಾಲು ಹಿಡಿದು ದಿನವನ್ನು ಎಂಟಕ್ಕೇ ಮಾಡಿಸಿಕೊಂಡರಂತೆ. ಎರಡು ದಿನದಿಂದ ಹೊಟ್ಟೆಯಲ್ಲಿ ನೀರೂ ನಿಲ್ಲುತ್ತಿಲ್ಲವಂತೆ. ಡಾಕ್ಟರು ಈಗ ಫೋನು ಮಾಡಿ, ಇನ್ನು ಬೇಡ, ಬಂದು ಕಾಣಿ ಎಂದು ಹೇಳಿದ್ದಾರೆ.

ಶೈಲಜಾ ಮುಂದುವರಿಸಿದಳು. "ಅವ್ರು ಡಾಕ್ಟರ ಹತ್ರ ಒಂದು ಮಾತು ಹೇಳಿದ್ರಂತೆ ಮೇಡಂ. ಆಸ್ಪತ್ರೇಲಿ ಸಿಕ್ಕಿದ್ದ ಆ ದೊಡ್ಡಕ್ಕ ಬಂದ್ರೆ ಹೇಳಿ, ಅವ್ರು ಹೇಳಿದ ಹಂಗೇ ಒಂದು ದಿನಾನೂ ತಡ ಮಾಡ್ಲಿಲ್ಲ ಅಂತ."

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದೆ. ದೀಪ ಆರಿತು. ಕೈ ಎತ್ತಲಿಲ್ಲ.

ಕತ್ತಲಲ್ಲೇ ಶೈಲಜಾಳಿಗೆ ರಿಜಿಸ್ಟರು ತೆಗೆಯಲು ಹೇಳಿದೆ. ಎಂಟು ವರ್ಷದಲ್ಲಿ ಈ ಜಾತಿಯ ಗೆಡ್ಡೆಗೆ ಹನ್ನೊಂದರಿಂದ ಹದಿನೈದರವರೆಗೆ ಎಣಿಕೆ ಬಂದವರ, ಅಂದರೆ ಇಳಿಸಿದರೆ ಹತ್ತು ದಾಟದವರ, ನಂಬರು ಒಂದೊಂದಾಗಿ ಓದು, ನಾನು ಬರೆದುಕೊಳ್ಳುತ್ತೇನೆ, ಎಲ್ಲವನ್ನೂ ಮತ್ತೆ ಎಣಿಸಬೇಕು ಎಂದೆ. ಲ್ಯಾಬು ಮುಚ್ಚುವ ಹೊತ್ತು ದಾಟಿತ್ತು, ಅವಳು ಅದನ್ನು ಹೇಳಲಿಲ್ಲ. ಓದತೊಡಗಿದಳು. ಈ ಗೆಡ್ಡೆ ಅಪರೂಪ, ಪಟ್ಟಿ ಉದ್ದವಿರುವುದಿಲ್ಲವೆಂದು ನಂದೀಶ ಬೆಳಿಗ್ಗೆ ಸಮಾಧಾನ ಹೇಳಿದ್ದ. ಪ್ರತಿ ನಂಬರಿನ ನಂತರ ಆ ಮನುಷ್ಯ ಈಗೆಲ್ಲಿದ್ದಾನೆಂದು ಕೇಳಿದೆ. ಕೆಲವರು ಇದ್ದರು. ಕೆಲವರು ತೀರಿಕೊಂಡಿದ್ದರು, ಗೆಡ್ಡೆಯಿಂದಲೋ ಔಷಧದಿಂದಲೋ ರಿಜಿಸ್ಟರಿನಲ್ಲಿ ಬರೆದಿರಲಿಲ್ಲ. ಕೆಲವರ ಮುಂದೆ ಏನೂ ಇರಲಿಲ್ಲ. "ಬರೋದು ನಿಲ್ಲಿಸಿದಾರೆ ಮೇಡಂ" ಎಂದಳು. ಅವರಿಗೆ ನಂಬರಿನ ಪಕ್ಕ ಒಂದು ನಿಂತ ಗೀಟು ಹಾಕಿದೆ.

ಫೋನಿನ ಪರದೆಯ ಬೆಳಕಿನಲ್ಲೇ ಬರೆದೆ. ಪೆನ್ನು ಆಡುವಷ್ಟು ಅಲುಗಾಟ ಆ ಕೋಣೆಯ ದೀಪಕ್ಕೆ ಸಾಲದು.

ಒಟ್ಟು ಹದಿನಾಲ್ಕು. ಹದಿಮೂರನೆಯದು ಪುಟ್ಟಗೌರಮ್ಮನದು. ಹದಿನಾಲ್ಕನೆಯದನ್ನು ಓದುವ ಮೊದಲು ಶೈಲಜಾ ನಿಂತಳು. ಓದು ಎಂದೆ. ನನ್ನದೇ ನಂಬರು. ಬರೆದು, ಕೆಳಗೆ ಗೆರೆ ಎಳೆದು, ಸಹಿ ಹಾಕಿ, ವೇಳೆ ನಮೂದಿಸಿದೆ. ನಾಲ್ಕು ಗಂಟೆ ಮೂವತ್ತೈದು ನಿಮಿಷ. ಪಟ್ಟಿ ಮುಗಿಯಿತು.